ಎದಕ್ಕ ಬೇಕು?

ಆ ಮಷಿನ್ ಬಿಸಿಯಾಗುವುದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಅಷ್ಟರೊಳಗೆ ಮೇಡಂ ತಮ್ಮ ಪ್ರಶ್ನೆ ಕೇಳಿ ಮುಗಿಸಿರುತ್ತಾರೆ.

ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ. ಬೇವಿನ ಮರಗಳ ನಡುವೆ ಕಲ್ಲಿನ ಕಟ್ಟಡ. ಒಳಗೆ ಹೊಕ್ಕರೆ ಎಡಕ್ಕೆ ಚೀಲ ಇಡುವ ಗೂಡುಗಳು, ಬಲಕ್ಕೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಜೆರಾಕ್ಸ್ ಮಷಿನ್. ಪಕ್ಕದ ಸ್ಟೂಲಿನ ಮೇಲೆ ಕೂತ ಹುಡುಗ ಹಾಳೆಗಳನ್ನು ಬೀಸಣಿಗೆಯಂತೆ ಬೀಸಿ, ಅಂಚು ಕುಟ್ಟಿ, ಟ್ರೇಗೆ ತುಂಬುತ್ತಾನೆ. ಅವನ ತಲೆಯ ಮೇಲೆ ಗೋಡೆಗೆ ಒಂದು ಹಾಳೆ: ‘ಪೂರ್ತಿ ಪುಸ್ತಕ ಜೆರಾಕ್ಸ್ ಮಾಡಿಕೊಡಲಾಗುವುದಿಲ್ಲ.’ ಒಂದು ಮೂಲೆಯ ಟೇಪು ಕಿತ್ತಿದೆ. ಫ್ಯಾನಿನ ಗಾಳಿಗೆ ಹಾಳೆ ಪಟಪಟ ಬಡಿದುಕೊಳ್ಳುತ್ತದೆ. ಎದುರಿಗೇ ಉಪ ಗ್ರಂಥಪಾಲಕಿಯ ಟೇಬಲ್ಲು. ಅವರ ಹೆಸರು ಬಾಗಿಲ ಮೇಲೆ ಬರೆದಿದ್ದರೂ ಎಲ್ಲರ ಬಾಯಲ್ಲಿ ಬರೀ ‘ಮೇಡಂ’.

ನಾನು ಹೋದದ್ದು ಒಂದು ಫೋಟೊ ಹುಡುಕಿಕೊಂಡು. 1968ರ ವಾರಪತ್ರಿಕೆಯೊಂದರಲ್ಲಿ ಇದೇ ಗ್ರಂಥಾಲಯದ ಓದುಕೋಣೆಯ ಚಿತ್ರ ಬಂದಿತ್ತೆಂದು ಯಾರೋ ಹೇಳಿದ್ದರು; ನನ್ನ ಲೇಖನದ ಜೊತೆ ಅದನ್ನು ಹಾಕುವ ಆಸೆ. “ಬೌಂಡ್ ವಾಲ್ಯೂಮ್ ಕೆಳಗಿನ ಕೋಲ್ಯಾಗ ಐತ್ರಿ. ಕೀಲಿ ಇದ್ದವರು ಬ್ಯಾಂಕಿಗೆ ಹೋಗ್ಯಾರ, ಕೂಡ್ರಿ” ಅಂದರು ಮೇಡಂ. ಕೂತೆ. ಕೀಲಿ ಬಂದದ್ದು ಸಂಜೆಗೆ. ಅಲ್ಲಿಯತನಕ ಆ ಟೇಬಲ್ಲಿನ ಮುಂದೆ ಬಂದುಹೋದವರನ್ನು ನೋಡುವುದೇ ನನ್ನ ಕೆಲಸವಾಯಿತು.

ಮೊದಲು ಬಂದವಳು ಸಮಾಜಶಾಸ್ತ್ರದ ಎಂ.ಎ. ಹುಡುಗಿ. ದಪ್ಪ ಇಂಗ್ಲಿಷ್ ಪುಸ್ತಕದ ನಡುವೆ ಮೂರು ಕಡೆ ಬಸ್ ಟಿಕೆಟ್ಟು ಸಿಕ್ಕಿಸಿಕೊಂಡು ಬಂದಿದ್ದಳು.

“ಎದಕ್ಕ ಬೇಕವಾ?”

“ಕ್ಲಾಸಿಗ್ರಿ ಮೇಡಂ. ಈ ಮೂರು ಚಾಪ್ಟರ್ ಓದಿಕೊಂಡು ಬರ್ರಿ ಅಂದಾರ ಸರು.”

“ಹಂಗಾದ್ರ ಮಾಡ್ಸಕೋ ಹೋಗು.”

ಹುಡುಗಿ ನಿಂತೇ ಇದ್ದಳು. “ಹತ್ತು ಪರ್ಸೆಂಟಿನ ಮ್ಯಾಲೆ ಆಗತೈತ್ರಿ. ಹತ್ತು ಪರ್ಸೆಂಟ್ ತನಕ ಅಷ್ಟ ನಡೀತೈತಿ ಅಂತಾರಲ್ಲ?”

“ಯಾರ ಅಂತಾರ? ನಮ್ಮ ಕಾಯ್ದೆದಾಗ ಅಂಥಾ ಲೆಕ್ಕ ಇಲ್ಲ. ಪಾಠಕ್ಕ ಎಷ್ಟು ಬೇಕೋ ಅಷ್ಟು. ಪಾಠಕ್ಕ ಬೇಕಿಲ್ಲದ್ದು ಒಂದು ಹಾಳಿನೂ ಬ್ಯಾಡ.”

ಮಷಿನ್ ಮುಚ್ಚಳದ ಕೆಳಗೆ ಹಸಿರು ಬೆಳಕು ಅತ್ತಿಂದಿತ್ತ ಓಡಾಡತೊಡಗಿತು.

ಮೇಡಂ ಅಷ್ಟು ನಿಶ್ಚಿಂತೆಯಿಂದ ‘ಮಾಡ್ಸಕೋ’ ಎನ್ನುವುದರ ಹಿಂದೆ ದಿಲ್ಲಿಯ ಒಂದು ಜೆರಾಕ್ಸ್ ಅಂಗಡಿ ಇದೆ. ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್. ವಿಶ್ವವಿದ್ಯಾಲಯವೇ ಪರವಾನಗಿ ಕೊಟ್ಟು ಕೂರಿಸಿದ ಅಂಗಡಿ ಅದು: ವಿದ್ಯಾರ್ಥಿಗಳಿಗೆ ಪುಟಕ್ಕೆ 40 ಪೈಸೆ, ಗ್ರಂಥಾಲಯಕ್ಕೆ ತಿಂಗಳಿಗೆ 3,000 ಪುಟ ಪುಕ್ಕಟೆ. ಅಧ್ಯಾಪಕರು ಸಿಲಬಸ್ಸಿನಲ್ಲಿ ಸೂಚಿಸಿದ ಅಧ್ಯಾಯಗಳನ್ನು ಹತ್ತಾರು ಪುಸ್ತಕಗಳಿಂದ ಆರಿಸಿ, ಸುರುಳಿ ತಂತಿ ಹಾಕಿ ಕಟ್ಟಿಕೊಟ್ಟರೆ ಅದಕ್ಕೆ ‘ಕೋರ್ಸ್ ಪ್ಯಾಕ್’ ಎಂದು ಹೆಸರು. 2012ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಈ ಮೂರು ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಿಲ್ಲಿ ಹೈಕೋರ್ಟಿನಲ್ಲಿ ದಾವೆ ಹೂಡಿದವು. ಕೋರ್ಸ್ ಪ್ಯಾಕ್ ಮಾಡಕೂಡದೆಂದು ಮಧ್ಯಂತರ ಆದೇಶವೂ ಬಂತು.

ಆಗ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ತಾವೂ ಕಕ್ಷಿದಾರರಾದರು. ಯಾರ ಬರಹ ನಕಲಾಗುತ್ತಿದೆಯೆಂದು ದೂರಿತ್ತೋ ಆ ಬರಹಗಾರರಲ್ಲೇ ಹಲವರು, ಅಮರ್ತ್ಯ ಸೇನ್ ಅವರೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ವಿದ್ವಾಂಸರು, ಈ ಮೊಕದ್ದಮೆ ಬೇಡವೆಂದು ಪ್ರಕಾಶಕರಿಗೆ ಪತ್ರ ಬರೆದರು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಕಲಂ ಪ್ರಕಾರ, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯೇ ಅಲ್ಲ. ಬೋಧನೆಯೆಂದರೆ ನಾಲ್ಕು ಗೋಡೆಯೊಳಗಿನ ಒಂದು ತಾಸಿನ ಪಾಠವಷ್ಟೇ ಅಲ್ಲ, ಅದರ ಹಿಂದುಮುಂದಿನ ಓದೂ ಅದರಲ್ಲಿ ಸೇರಿದೆ ಎಂದು ಕೋರ್ಟು ಬಿಡಿಸಿ ಹೇಳಿತು. ಡಿಸೆಂಬರ್ 9ರಂದು ವಿಭಾಗೀಯ ಪೀಠ ಈ ಅರ್ಥವನ್ನು ಎತ್ತಿಹಿಡಿಯಿತು. ಆದರೆ ಒಂದು ಗಂಟನ್ನು ಬಿಚ್ಚದೆ ಉಳಿಸಿತು: ಪ್ಯಾಕಿನೊಳಗಿನ ಪುಟಗಳು ನಿಜಕ್ಕೂ ಪಾಠಕ್ಕೆ ಬೇಕಾದವೇ ಎಂಬುದನ್ನು ವಿಚಾರಣೆಯಲ್ಲಿ ನೋಡಬೇಕು. ಎಷ್ಟು ಪುಟ ಅನ್ನುವುದಲ್ಲ, ಯಾತಕ್ಕೆ ಅನ್ನುವುದೇ ಅಳತೆಗೋಲು. ಆ ವಿಚಾರಣೆ ನಡೆಯಲೇ ಇಲ್ಲ. 2017ರ ಮಾರ್ಚಿನಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ನಕಲು ಹಕ್ಕುಗಳ ಸಂಸ್ಥೆಯೊಂದು ಸುಪ್ರೀಂ ಕೋರ್ಟಿಗೆ ಹೋದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ ವಜಾ ಆಯಿತು.

“ಅದಕ್ಕ ನೋಡ್ರಿ, ನಾನೂ ಅದೊಂದ ಪ್ರಶ್ನೆ ಕೇಳೂದು” ಎಂದರು ಮೇಡಂ, ಚಹಾದ ಕಪ್ಪು ನನ್ನ ಕಡೆ ಸರಿಸುತ್ತ.

ಅದೇ ಪ್ರಶ್ನೆಗೆ ಇನ್ನೊಂದು ಉತ್ತರ ಹನ್ನೊಂದೂವರೆಗೆ ಬಂತು. ಗೇಟಿನ ಹೊರಗೆ ಗೈಡು, ಹಳೆ ಪ್ರಶ್ನೆಪತ್ರಿಕೆ ಮಾರುವ ಅಂಗಡಿಯವರು. ಹುಡುಗಿ ತಂದಿದ್ದ ಅದೇ ಪುಸ್ತಕವನ್ನು ವಿದ್ಯಾರ್ಥಿಯೊಬ್ಬನ ಕೈಲಿ ತೆಗೆಸಿ, ಐವತ್ತು ಪ್ರತಿ ಬೇಕು ಅಂದರು. “ಹುಡುಗರಿಗೇ ಅಲ್ರೀ ಮೇಡಂ? ರೊಕ್ಕ ಉಳೀತೈತಿ ಅವಕ್ಕ.” ಹುಡುಗರ ಹೆಸರಿನಲ್ಲಿ ಮಾರಾಟ. ಮೇಡಂ ಪುಸ್ತಕ ಈಸಿಕೊಂಡು ತಮ್ಮ ಡ್ರಾಯರಿನಲ್ಲಿಟ್ಟರು. “ನಿಮ್ಮ ಅಂಗಡ್ಯಾಗ ಪಾಠ ಯಾರು ಮಾಡ್ತಾರ್ರಿ?” ಅಂಗಡಿಯವರು ನಕ್ಕು, ಚಹಾ ಕುಡಿದೇ ಹೋದರು.

ಟೇಬಲ್ಲಿನ ಗಾಜಿನ ಕೆಳಗೆ ಒಂದೇ ಪುಟದ ಕೃತಿಸ್ವಾಮ್ಯ ನೀತಿ ಇದೆ. ಮುಂಚೆ ಆ ಜಾಗದಲ್ಲಿ ‘ನಕಲು ಮಾಡುವುದು ಶಿಕ್ಷಾರ್ಹ ಅಪರಾಧ’ ಎಂದು ಕೆಂಪಕ್ಷರದ ಫಲಕ ಇತ್ತಂತೆ. ಹೆದರಿ ಬಿಟ್ಟವರು ಓದುವುದನ್ನೇ ಬಿಟ್ಟರು, ಹೆದರದವರು ಹೊರಗೆ ಹೋಗಿ ಇಡೀ ಪುಸ್ತಕ ಮಾಡಿಸಿದರು. ಫಲಕದಿಂದ ಕಾಯ್ದೆಗೂ ಲಾಭವಾಗಲಿಲ್ಲ, ಓದಿಗೂ ಆಗಲಿಲ್ಲ. ಕಾನೂನು ವಿಭಾಗದ ಅಧ್ಯಾಪಕರೊಬ್ಬರನ್ನು ಕೂರಿಸಿಕೊಂಡು ಹೊಸ ನೀತಿ ಬರೆದು, ಗ್ರಂಥಾಲಯ ಸಮಿತಿಯ ಮುಂದಿಟ್ಟು ಒಪ್ಪಿಗೆ ಪಡೆದದ್ದು ಮೇಡಂ. ಅದರ ಕೆಳಗಿರುವ ಅರ್ಜಿಯಲ್ಲಿ ಐದು ಕಾಲಂ: ಹೆಸರು, ಪುಸ್ತಕ, ಪುಟಗಳು, ಪ್ರತಿಗಳು, ಉದ್ದೇಶ. ಕೊನೆಯದಕ್ಕೆ ಮಾತ್ರ ಎರಡು ಬೆರಳು ಹೆಚ್ಚು ಜಾಗ.

ಹನ್ನೆರಡರ ಹೊತ್ತಿಗೆ ಒಬ್ಬ ಸಂಶೋಧಕ ಪೇಪರಿನಲ್ಲಿ ಸುತ್ತಿದ ಪುಸ್ತಕವನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದ. ಗ್ರಂಥಾಲಯದ್ದೇ ಪ್ರತಿ. ಹುಳ ತಿಂದ ದಾರಿ ಮೊದಲ ಪುಟದಿಂದ ನಲವತ್ತನೆಯ ಪುಟದತನಕ ಸುರಂಗ ಕೊರೆದಿತ್ತು. ಮುಟ್ಟಿದರೆ ಅಂಚು ಹುರಿದ ಹಪ್ಪಳದಂತೆ ಮುರಿಯುತ್ತಿತ್ತು. ಮಾರುಕಟ್ಟೆಯಲ್ಲಿ ಎಲ್ಲೂ ಸಿಗದ ಪುಸ್ತಕ. ಇಲ್ಲಿ ಗೋಡೆಯ ಮೇಲಿನ ಹಾಳೆ ಸುಮ್ಮನಾಗಬೇಕಾಯಿತು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗಾಗಿ ಮೂರು ಪ್ರತಿಗಳತನಕ ಪೂರ್ತಿ ಮಾಡಿಕೊಳ್ಳಬಹುದು. ತನ್ನಲ್ಲಿ ಕಾಗದದ ಪ್ರತಿ ಇದ್ದರೆ ಉಳಿಸಿಕೊಳ್ಳುವ ಸಲುವಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲೂ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ವಿಶ್ವವಿದ್ಯಾಲಯದ ಗ್ರಂಥಾಲಯಗಳು ಹಿಡಿದು ನಡೆಯುವುದು ಈ ಕಲಮುಗಳನ್ನೇ.

“ನೆಟ್ಟಿನ್ಯಾಗ ಹಾಕಬಹುದೇನ್ರಿ?” ಎಂದ ಸಂಶೋಧಕ.

ಮೇಡಂ ಡೈರಿ ತೆಗೆದರು. ಅದರ ಕೊನೆಯ ಪುಟಗಳಲ್ಲಿ ಸಾಹಿತಿಗಳು ತೀರಿಕೊಂಡ ವರ್ಷಗಳ ಪಟ್ಟಿ. ಪುಣ್ಯತಿಥಿಯ ಪಟ್ಟಿಯಂತೆ ಕಂಡರೂ ಅದು ಬಿಡುಗಡೆಯ ಪಂಚಾಂಗ. ಬದುಕಿದ್ದಾಗ ಅಚ್ಚಾದ ಬರಹದ ಮೇಲೆ ಬರಹಗಾರರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಹಕ್ಕು ಇರುತ್ತದೆ. ಆಮೇಲಿನ ಜನವರಿ 1ಕ್ಕೆ ಅದು ಎಲ್ಲರ ಸೊತ್ತು. ಕೈಲಾಸಂ, ಬಿ.ಎಂ.ಶ್ರೀ. ಇಬ್ಬರೂ ತೀರಿಕೊಂಡದ್ದು 1946ರಲ್ಲಿ, 2007ಕ್ಕೆ ಮುಕ್ತ. ಮಂಜೇಶ್ವರ ಗೋವಿಂದ ಪೈ ಮತ್ತು ತ್ರಿವೇಣಿ 1963ರಲ್ಲಿ ಹೋದರು. 2024ರ ಹೊಸ ವರ್ಷದ ದಿನ ಇಬ್ಬರೂ ಒಟ್ಟಿಗೆ ಮುಕ್ತ. ಡಿ.ವಿ.ಜಿ.ಗೆ 2036, ಬೇಂದ್ರೆಗೆ 2042, ಮಾಸ್ತಿಗೆ 2047, ಕುವೆಂಪುಗೆ 2055, ಕಾರಂತರಿಗೆ 2058. ಈ ಲೆಕ್ಕದೊಳಗೂ ಒಂದು ಕಥೆಯಿದೆ. ಮೊದಲು ಐವತ್ತೇ ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಆ ಹೊತ್ತಿಗೆ ಸರಕಾರ ಅವಧಿಯನ್ನು ಹತ್ತು ವರ್ಷ ಬೆಳೆಸಿತು. ಟಾಗೋರರ ಸಲುವಾಗಿ ಬೆಳೆದ ಹತ್ತು ವರ್ಷವನ್ನು ಧಾರವಾಡದ ಬೇಂದ್ರೆ, ಕುಪ್ಪಳಿಯ ಕುವೆಂಪು ಎಲ್ಲರೂ ಹಂಚಿಕೊಂಡರು.

ಸಂಶೋಧಕನ ಪುಸ್ತಕದ ಲೇಖಕರು ತೀರಿಕೊಂಡದ್ದು 1971. “2032ರ ತನಕ ಇಲ್ಲೇ ಕೂತು ಓದು ತಮ್ಮಾ. ನೆಟ್ಟಿಗೆ ಹಾಕಬೇಕಂದ್ರ ಅವರ ಮನಿಯವರನ್ನ ಕೇಳಬೇಕು.”

ಮನೆಯವರನ್ನು ಕೇಳುವುದೆಂದರೆ ಎಂಥ ಕೆಲಸವೆಂದು ಹಿಂದಿನ ಕಪಾಟಿನ ಹಸಿರು ಫೈಲು ಬಲ್ಲದು. ಹಕ್ಕು ಹೊಲಮನೆಯ ಹಾಗೆ ಪಾಲಾಗುತ್ತದೆ. ಒಬ್ಬ ಮಗ ಬೆಳಗಾವಿಯಲ್ಲಿ, ಮಗಳು ಅಮೆರಿಕದಲ್ಲಿ, ಇನ್ನೊಬ್ಬರ ವಿಳಾಸವೇ ಇಲ್ಲ. ಪ್ರಕಾಶಕರು ಅಂಗಡಿ ಮುಚ್ಚಿ ದಶಕಗಳಾಗಿವೆ. ಹಕ್ಕನ್ನು ಅವರಿಗೆ ಬರೆದುಕೊಟ್ಟಿದ್ದರೋ, ಆ ಒಂದು ಮುದ್ರಣಕ್ಕೆ ಮಾತ್ರ ಕೊಟ್ಟಿದ್ದರೋ ಹೇಳುವ ಕಾಗದ ಯಾರಲ್ಲೂ ಇಲ್ಲ. ಮೇಡಂ ಬರೆಯುವ ಪತ್ರ ಚಿಕ್ಕದು: ಯಾವ ಕೃತಿ, ಯಾವ ಪುಟ, ಎಷ್ಟು ಪ್ರತಿ, ಕಾಗದದ ಮೇಲೋ ನೆಟ್ಟಿನಲ್ಲೋ, ಎಷ್ಟು ಕಾಲಕ್ಕೆ, ಯಾತಕ್ಕೆ. ಒಂದು ಪ್ರತಿ ಫೈಲಿಗೆ. ಉತ್ತರ ಬಾರದಿದ್ದರೆ ತಿಂಗಳ ಮೇಲೆ ನೆನಪೋಲೆ. ಮತ್ತೂ ಬಾರದಿದ್ದರೆ? ‘ಮೌನಂ ಸಮ್ಮತಿ ಲಕ್ಷಣಂ’ ಮದುವೆ ಮಾತುಕತೆಗೆ ಸರಿ, ಈ ಫೈಲಿನಲ್ಲಿ ನಡೆಯುವುದಿಲ್ಲ. ಹಕ್ಕುದಾರರು ಪತ್ತೆಯಾಗದ ಪುಸ್ತಕಗಳಿಗೆ ಕಾಯ್ದೆಯ 31ಎ ಕಲಂ ಒಂದು ದಾರಿ ತೋರಿಸುತ್ತದೆ: ಜಾಹೀರಾತು ಕೊಟ್ಟು, ಅರ್ಜಿ ಹಾಕಿ, ಶುಲ್ಕ ಕಟ್ಟಿ ಪರವಾನಗಿ ಪಡೆಯಬಹುದು. ಒಂದು ಪುಸ್ತಕಕ್ಕಾಗಿ ಅಷ್ಟು ದೂರ ನಡೆಯುವ ತ್ರಾಣ ಯಾವ ಗ್ರಂಥಾಲಯಕ್ಕಿದೆ? ಹುಳಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೂ ಫೈಲಿನಲ್ಲಿ ನಗುವ ಪತ್ರಗಳಿವೆ. ತಂದೆಯ ಪುಸ್ತಕವನ್ನು ಯಾರೋ ಕೇಳಿದರಲ್ಲ ಎಂಬ ಹಿಗ್ಗಿಗೆ ನಾಲ್ಕು ಪುಟ ಬರೆದು, ಕೊನೆಯ ಸಾಲಿನಲ್ಲಿ ‘ಧಾರಾಳವಾಗಿ ಬಳಸಿಕೊಳ್ಳಿ’ ಎಂದವರಿದ್ದಾರೆ. ಕೊಡುವ ಮನಸ್ಸು ದೊಡ್ಡ ಪ್ರಮಾಣದಲ್ಲೂ ಕಂಡದ್ದುಂಟು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ನಿರಂಜನರ ಪುಸ್ತಕಗಳನ್ನು ಅವರ ಮನೆಯವರೂ ಹಾಗೆಯೇ ಕೊಟ್ಟರು. ಹೆಸರು ಹೇಳಿ, ಅದೇ ಷರತ್ತಿನಲ್ಲಿ ಮುಂದೆ ಹಂಚಿದರೆ ಸಾಕು, ಪ್ರತಿಸಲ ಪತ್ರ ಬರೆಯುವ ಗೋಜಿಲ್ಲ.

ಊಟದ ಮೇಲೆ ಮೇಲಿನ ಸಭಾಕೋಣೆಯಲ್ಲಿ ಹೊಸ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪಾಠ. ನಿದ್ದೆ ಎಳೆಯುವ ಹೊತ್ತು. ಮೇಡಂ ಪರದೆಯ ಮೇಲೆ ಏನೂ ತೋರಿಸದೆ ಎರಡು ಪುಸ್ತಕಗಳನ್ನು ಎತ್ತಿ ಹಿಡಿದರು. ಒಂದು ಪಂಪನ ಕಾವ್ಯ, ಇನ್ನೊಂದು ಇತ್ತೀಚಿನ ಕಾದಂಬರಿ.

“ಪಂಪನ ಪದ್ಯ ಬರಕೊಂಡು ಕೆಳಗ ನನ್ನ ಹೆಸರು ಹಾಕತೀನಿ. ಕಾಪಿರೈಟ್ ತಪ್ಪೇನು?”

“ಹೌದ್ರಿ” ಅಂತು ಅರ್ಧ ಕೋಣೆ.

“ಅಲ್ಲ. ಪಂಪ ಹೋಗಿ ಸಾವಿರ ವರ್ಷ ಆತು. ಅದು ಕೃತಿಚೌರ್ಯ. ಈ ಕಾದಂಬರಿ ಪೂರಾ ಅಚ್ಚು ಹಾಕಿ, ಲೇಖಕರ ಹೆಸರು ದಪ್ಪಕ್ಷರದಾಗ ಹಾಕತೀನಿ. ಚೌರ್ಯ ಏನು?”

ಈಗ ಯಾರೂ ಬಾಯಿ ಬಿಡಲಿಲ್ಲ.

“ಚೌರ್ಯ ಅಲ್ಲ, ಅದು ಕೃತಿಸ್ವಾಮ್ಯದ ಉಲ್ಲಂಘನೆ. ಒಂದು ಹೆಸರಿನ ಸಾಲ, ಇನ್ನೊಂದು ಹಕ್ಕಿನ ಸಾಲ. ಒಂದು ತೀರಿಸಿದ್ರ ಇನ್ನೊಂದು ತೀರಂಗಿಲ್ಲ.”

ಹಿಂದಿನ ಸಾಲಿನ ಹುಡುಗನೊಬ್ಬ ಕೈಯೆತ್ತಿದ. ಸಾಫ್ಟ್‌ವೇರಿನಲ್ಲಿ ಹತ್ತು ಪರ್ಸೆಂಟ್ ಹೊಂದಿಕೆ ಬಂದರೆ ನಡೆಯುತ್ತದಲ್ಲ? ಬೆಳಿಗ್ಗೆ ಆ ಹುಡುಗಿಯ ತಲೆ ಹೊಕ್ಕಿದ್ದ ಹತ್ತು ಪರ್ಸೆಂಟ್ ಎಲ್ಲಿಂದ ಬಂದಿರಬಹುದೆಂದು ನನಗೆ ಆಗ ಹೊಳೆಯಿತು. ಅದು ಯು.ಜಿ.ಸಿ.ಯ 2018ರ ನಿಯಮದ್ದು. ಪ್ರಬಂಧದಲ್ಲಿ ಹತ್ತರತನಕ ಹೊಂದಿಕೆಯಾದರೆ ದಂಡವಿಲ್ಲ. ನಲವತ್ತರತನಕ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. ಅರವತ್ತರತನಕ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಜೆರಾಕ್ಸ್ ಮಷಿನ್ನಿಗೂ ಆ ಲೆಕ್ಕಕ್ಕೂ ಸಂಬಂಧವಿಲ್ಲ. “ಹತ್ತು ಪರ್ಸೆಂಟ್ ಕಳವು ಮಾಡಾಕ ಕೊಟ್ಟ ರಜಾ ಅಲ್ಲ ತಮ್ಮಾ ಅದು” ಎಂದಾಗ ಕೋಣೆಯ ನಿದ್ದೆ ಹಾರಿತು.

ಪಾಠ ಮುಗಿದ ಮೇಲೆ ಮೆಟ್ಟಿಲಲ್ಲೇ ತಡೆದವರು ಒಬ್ಬ ಯುವ ಅಧ್ಯಾಪಕರು. ಅವರ ಮೊದಲ ಪುಸ್ತಕ. ಪ್ರಕಾಶಕರ ಕರಾರುಪತ್ರ ಕೈಯಲ್ಲಿತ್ತು. ಇನ್ನೊಬ್ಬರ ಹಕ್ಕಿನ ಬಗ್ಗೆ ಕೇಳುವವರು ದಿನಾ ಬರುತ್ತಾರೆ, ತಮ್ಮ ಹಕ್ಕಿನ ಬಗ್ಗೆ ಕೇಳುವವರು ಅಪರೂಪ ಎಂದು ಮೇಡಂ ಕನ್ನಡಕ ಏರಿಸಿ ಓದತೊಡಗಿದರು. ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ತಿಳಿಯುತ್ತದೆ. ಸೀಮೆ ಹೇಳದಿದ್ದರೆ ಭಾರತದೊಳಗೆ ಮಾತ್ರ. ಈ ಕರಾರಿನಲ್ಲಿ ಎರಡನ್ನೂ ಹೇಳಿತ್ತು: ಜಗತ್ತಿನಾದ್ಯಂತ, ಪೂರ್ತಿ ಅವಧಿಗೆ. “ಸಹಿ ಮಾಡಬ್ಯಾಡ್ರಿ ಅನ್ನಂಗಿಲ್ಲ. ಎದಕ್ಕ ಮಾಡ್ತೀರಿ ಅಂತ ತಿಳಕೊಂಡು ಮಾಡ್ರಿ.”

ಮೂರೂವರೆಗೆ ಬಿಳಿ ಕೋಲಿನ ಸದ್ದು. ಇತಿಹಾಸದ ವಿದ್ಯಾರ್ಥಿ, ಕಣ್ಣು ಕಾಣದು. ಕಂಪ್ಯೂಟರು ಓದಿ ಹೇಳುವಂತೆ ಪಠ್ಯಪುಸ್ತಕ ಬೇಕಿತ್ತು, ಅದೂ ಮೊದಲ ಪುಟದಿಂದ ಕೊನೆಯ ಪುಟದತನಕ. ಮೇಡಂ ಈ ಸಲ ಪ್ರಶ್ನೆ ಕೇಳಲಿಲ್ಲ. ಸ್ಕ್ಯಾನರಿನ ಮುಂದೆ ಪುಸ್ತಕ ಬಿಡಿಸಿ, ಬೆನ್ನನ್ನು ಅಂಗೈಯಿಂದ ಒತ್ತಿ, ಒಂದೊಂದೇ ಹಾಳೆ ತಿರುವಲು ಜೆರಾಕ್ಸ್ ಹುಡುಗನಿಗೆ ಹೇಳಿದರು. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಇಡಿಯಾಗಿ ತಿರುಗಿಸಿ, ಲಾಭವಿಲ್ಲದೆ ಕೊಡಲು 2012ರಿಂದ ನಮ್ಮ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಇದನ್ನೇ ಜಗತ್ತಿಗೆಲ್ಲ ಅನ್ವಯಿಸಲು 2013ರಲ್ಲಿ ಮರ್ರಾಕೆಶ್ ಒಪ್ಪಂದವಾದಾಗ, ಮರುವರ್ಷ ಅದನ್ನು ಮೊಟ್ಟಮೊದಲು ಸ್ಥಿರೀಕರಿಸಿದ ದೇಶ ಭಾರತ. ಗೋಡೆಯ ಮೇಲಿನ ‘ಪೂರ್ತಿ ಪುಸ್ತಕ ಮಾಡಿಕೊಡಲಾಗುವುದಿಲ್ಲ’ ಪಟಪಟ ಅನ್ನುತ್ತಲೇ ಇತ್ತು. ಅದರ ಕೆಳಗೇ ಪೂರ್ತಿ ಪುಸ್ತಕ ತಯಾರಾಗುತ್ತಿತ್ತು.

ನಾಲ್ಕಕ್ಕೆ ಒಂದು ಇ-ಮೇಲ್ ಬಂದು ಮೇಡಂ ಮುಖ ಗಂಟಿಕ್ಕಿತು. ವಿದೇಶಿ ಪ್ರಕಾಶಕರದು: ನಿಮ್ಮ ಆವರಣದಿಂದ ಒಂದೇ ರಾತ್ರಿ ನೂರಾರು ಲೇಖನಗಳು ಇಳಿದಿವೆ, ವಿವರಣೆ ಕೊಡಿ. ಹಾಸ್ಟೆಲಿನಲ್ಲಿ ಯಾರೋ ಪ್ರೋಗ್ರಾಂ ಬರೆದು ಒಂದು ನಿಯತಕಾಲಿಕವನ್ನೇ ಬಾಚಿದ್ದ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ರಷ್ಟು ಸಂಸ್ಥೆಗಳು. ಬಾಗಿಲು ದೊಡ್ಡದಾಗಿದೆ. ಆದರೆ ಅದು ಬಾಡಿಗೆ ಮನೆಯ ಬಾಗಿಲು. ಕೊಂಡ ಪುಸ್ತಕಕ್ಕೆ ಕಾಯ್ದೆಯ ಕಲಮುಗಳು ನೆರಳಾಗುತ್ತವೆ. ಚಂದಾ ಕಟ್ಟಿ ನೋಡುವ ಲೇಖನಕ್ಕೆ ಕರಾರಿನ ಷರತ್ತುಗಳೂ ಸುತ್ತಿಕೊಳ್ಳುತ್ತವೆ. ಒಬ್ಬ ಷರತ್ತು ಮುರಿದರೆ ಬೀಗ ಬೀಳುವುದು ಎಲ್ಲರಿಗೂ. ಮೇಡಂ ಹಾಸ್ಟೆಲಿಗೆ ಫೋನು ಮಾಡಿದರು. ಬೈಯಲಿಲ್ಲ. “ನಾಳೆ ಬಂದು ಕಾಣು. ಅಷ್ಟು ಎದಕ್ಕ ಬೇಕಾಗಿದ್ವು, ಕೂತು ಮಾತಾಡೂಣು.”

ಐದಕ್ಕೆ ಹತ್ತು ನಿಮಿಷ ಇರುವಾಗ ನನ್ನ ಸಂಪುಟ ಬಂತು. ಕ್ಯಾಲಿಕೊ ರಟ್ಟು, ನುಸಿಗುಳಿಗೆಯ ವಾಸನೆ. ಫೋಟೊ ಇತ್ತು. ಮೊಬೈಲ್ ಎತ್ತಿದೆ.

“ಎದಕ್ರಿ?”

ಇಡೀ ದಿನ ಕೇಳಿದ ಪ್ರಶ್ನೆ ನನ್ನ ಕಡೆಗೂ ತಿರುಗಬಹುದೆಂದು ನನಗೆ ತೋಚಿರಲೇ ಇಲ್ಲ. ಲೇಖನದ ಜೊತೆ ಪತ್ರಿಕೆಯಲ್ಲಿ ಹಾಕಲು ಎಂದೆ.

“ಟಿಪ್ಪಣಿಗೆ ಅಂದ್ರ ತಕ್ಕೋರಿ ಅಂತಿದ್ದೆ. ಅಚ್ಚಿಗಂದ್ರ ಪತ್ರ ಬರೀಬೇಕಾಗತೈತಿ.”

“ಆ ವಾರಪತ್ರಿಕೆ ನಿಂತು ಎಷ್ಟು ವರ್ಷ ಆಯ್ತಲ್ರಿ ಮೇಡಂ. ತೆಗೆದವರ ಹೆಸರೂ ಕೆಳಗಿಲ್ಲ.”

“ಪತ್ರಿಕಿ ನಿಂತೈತಿ. ಹಕ್ಕು ನಿಂತಿಲ್ಲ. ಹೆಸರಿಲ್ಲದಿದ್ರೂ ಅಚ್ಚಾಗಿ ಅರವತ್ತು ವರ್ಷ ಆಗಬೇಕು. 1968 ಅಂದ್ರ 2028 ಮುಗೀಲಿ.” ಅರ್ಜಿ ನನ್ನ ಮುಂದೆ ಸರಿಸಿ, ನನ್ನ ಮುಖ ಸಣ್ಣದಾದದ್ದು ಕಂಡೋ ಏನೋ, ಸೇರಿಸಿದರು: “ನೋಡಿದ್ದನ್ನ ನಿಮ್ಮ ಮಾತಿನಾಗ ಬರೀರಿ. ಅದಕ್ಕ ಯಾರ ಅಪ್ಪಣಿನೂ ಬೇಕಾಗಿಲ್ಲ.”

ಹಾಗಾಗಿ ಈ ಬರಹದ ಜೊತೆ ಚಿತ್ರವಿಲ್ಲ. ಇದ್ದದ್ದು ಇಷ್ಟು: ಎತ್ತರದ ಕಿಟಕಿಗಳಿಂದ ಓರೆಯಾಗಿ ಇಳಿದ ಬಿಸಿಲು. ಉದ್ದ ಮೇಜು. ಮೇಜಿನ ತುದಿಗೆ, ತೋಳು ಮಡಿಚಿದ ಬಿಳಿ ಅಂಗಿಯ ಒಬ್ಬ ಹುಡುಗ. ಎಡಗೈಯ ಹೆಬ್ಬೆರಳು ದಪ್ಪ ಪುಸ್ತಕದ ಪುಟ ಒತ್ತಿ ಹಿಡಿದಿದೆ. ಬಲಗೈಯಲ್ಲಿ ಪೆನ್ನು, ಮುಂದೆ ಅರ್ಧ ತುಂಬಿದ ನೋಟುಬುಕ್ಕು, ಪಕ್ಕದಲ್ಲಿ ಮಸಿಯ ದೌತಿ. ಅವನು ಇಡೀ ಅಧ್ಯಾಯವನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದಾನೆ. ಮಷಿನ್ ಇನ್ನೂ ಬಂದಿಲ್ಲ, ಗೋಡೆಯ ಮೇಲೆ ಹಾಳೆಯೂ ಇಲ್ಲ. ಯಾತಕ್ಕೆ ಎಂದು ಅವನನ್ನು ಯಾರೂ ಕೇಳಿದಂತಿಲ್ಲ. ಬಗ್ಗಿದ ಆ ಕತ್ತು ನೋಡಿದರೆ ಕೇಳಬೇಕೆಂದೂ ಅನಿಸುವುದಿಲ್ಲ.